ಚಿಗಟಪ್ಪನ ಕೆಟ್ಟ ರಕ್ತ

ಒಬ್ಬೊಬ್ಬರಿಗೆ ಒಂದೊಂದರ ಮೇಲೆ ಜಂಬ. ಕೆಲವರಿಗೆ ಮೀಸೆಯ ಮೇಲೆ, ಕೆಲವರಿಗೆ ಅಳಿಯನ ಮೇಲೆ, ಇನ್ನು ಕೆಲವರಿಗೆ ಮೊನ್ನೆ ತಂದ ಸ್ಕೂಟರಿನ ಮೇಲೆ. ನಮ್ಮ ಚಿಗಟಪ್ಪನಿಗಿದ್ದ ಜಂಬ ತನ್ನ ಎಡಗೈಯ ಮೇಲೆ.

ಚಿಗಟಪ್ಪ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಬೀದಿಯವರು ಇಟ್ಟದ್ದು. ಅವನು ಕೆಲಸಕ್ಕಿದ್ದುದು ಕೀಟಗಳ ಸಂಶೋಧನಾಲಯದಲ್ಲಿ. ಇಲಿಗಳಿಂದ ಮನುಷ್ಯರಿಗೆ ರೋಗ ಹೊತ್ತು ತರುವ ಜಾತಿಯ ಚಿಗಟಗಳನ್ನು ಅಲ್ಲಿ ಸಾಕುತ್ತಿದ್ದರು. ಇವು ಗಾಜಿನ ಜಾಡಿಯಲ್ಲೇ ಹುಟ್ಟಿ ಬೆಳೆದವು, ರೋಗದ ಗಂಧಗಾಳಿಯೂ ಇಲ್ಲದವು. ವಂಶ ಕೆಟ್ಟದ್ದಾದರೂ ನಡತೆ ಚೊಕ್ಕ ಎಂದು ಚಿಗಟಪ್ಪ ಅವುಗಳ ಪರವಾಗಿ ಎಷ್ಟೋ ಸಲ ವಾದಿಸಿದ್ದ. ಅವುಗಳನ್ನು ಸಾಕುತ್ತಿರುವುದೇ ಅವುಗಳ ವಂಶ ನಿರ್ವಂಶ ಮಾಡುವ ದಾರಿ ಹುಡುಕುವುದಕ್ಕೆ ಎಂಬ ಮಾತನ್ನು ಮಾತ್ರ ಜಾಡಿಗಳ ಎದುರಿಗೆ ಎತ್ತುತ್ತಿರಲಿಲ್ಲ.

ಚಿಗಟ ಬದುಕಬೇಕಾದರೆ ರಕ್ತ ಬೇಕು. ಆ ರಕ್ತ ಚಿಗಟಪ್ಪನದು. ತೆಳುವಾದ ಬಲೆ ಕಟ್ಟಿದ ಪುಟ್ಟ ಡಬ್ಬಿಗಳನ್ನು ದಿನಾ ಬೆಳಗ್ಗೆ ಎಡಗೈಗೆ ಬೆಲ್ಟಿನಿಂದ ಬಿಗಿದುಕೊಂಡು ಕಾಲು ಗಂಟೆ ಕೂರುವುದೇ ಅವನ ಕೆಲಸ. ಅವು ಬಲೆಯ ಸಂದಿಯಿಂದ ಮೂತಿ ತೂರಿಸಿ ಕುಡಿಯುತ್ತಿದ್ದವು, ಇವನು ಪೇಪರು ಓದುತ್ತಿದ್ದ. ಹೀಗೆ ಇಪ್ಪತ್ತೆರಡು ವರ್ಷ. ಒಮ್ಮೆ ಇವನು ರಜೆ ಹಾಕಿದ್ದಾಗ ಸ್ಟೋರ್‌ಕೀಪರ್ ಕೈಯೊಡ್ಡಿದ್ದನಂತೆ, ಚಿಗಟಗಳು ಮೂಸಿಯೂ ನೋಡಲಿಲ್ಲವಂತೆ. "ನನ್ನ ರಕ್ತ ಬಿಟ್ಟು ಬೇರೆಯವರದು ಅವಕ್ಕೆ ಸೇರೋದೇ ಇಲ್ಲ ಕಣ್ರೀ" ಎಂದು ಚಿಗಟಪ್ಪ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಆ ದಿನ ಸ್ಟೋರ್‌ಕೀಪರ್ ಮೈತುಂಬ ನೋವಿನೆಣ್ಣೆ ಹಚ್ಚಿಕೊಂಡು ಬಂದಿದ್ದ ಎಂಬ ವಿವರ ಹೇಗೋ ಪ್ರತಿ ಸಲವೂ ಬಿಟ್ಟುಹೋಗುತ್ತಿತ್ತು.

ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಮಕ್ಕಳಾಗಲಿಲ್ಲ. ಹೆಂಡತಿ ಅದನ್ನು ಮಾತಿಗೆ ತರುವುದನ್ನು ಬಿಟ್ಟು ಬಹಳ ವರ್ಷವಾಗಿತ್ತು. ಕಿಟಕಿಯ ಕೆಳಗೆ ಆರು ಗುಲಾಬಿ ಕುಂಡ ಇಟ್ಟುಕೊಂಡು ಅವುಗಳ ಉಪಚಾರದಲ್ಲಿ ಇದ್ದುಬಿಟ್ಟಿದ್ದಳು. ಚಿಗಟದ ಮರಿಗಳನ್ನು ಗಂಡ "ಮಕ್ಕಳು" ಎಂದಾಗ ಮಾತ್ರ ಅವಳಿಗೆ ಮೈ ಉರಿಯುತ್ತಿತ್ತು. ಸಂಶೋಧನಾಲಯದ ಬಾಗಿಲನ್ನು ಅವಳು ಒಂದು ದಿನವೂ ತುಳಿದಿರಲಿಲ್ಲ.

ಈ ಮರಿಗಳ ವಿಷಯ ಸ್ವಲ್ಪ ಹೇಳಬೇಕು. ಅವು ಬಿಳೀ ದಾರದ ತುಂಡಿನಂತೆ ಮರಳಿನಲ್ಲಿ ಹೊರಳಾಡಿಕೊಂಡಿರುತ್ತವೆ. ದೊಡ್ಡ ಚಿಗಟಗಳು ಕುಡಿದು ಉದುರಿಸಿದ ಒಣರಕ್ತವೇ ಅವುಗಳ ಊಟ. ಅಂದರೆ ಲೆಕ್ಕಕ್ಕೆ ಅದೂ ಚಿಗಟಪ್ಪನ ರಕ್ತವೇ. ಅವನು ಅಪ್ಪನಂತೆ ಬೀಗುತ್ತಿದ್ದುದಕ್ಕೆ ಇದೇ ಕಾರಣ.

ಆ ತಿಂಗಳು ಸ್ಟೋರಿನಲ್ಲಿ ಮರಳು ಮುಗಿದಿತ್ತು. ಬೇಕೆಂದು ಅರ್ಜಿ ಬರೆದರೆ ಅದು ಕಟ್ಟಡ ವಿಭಾಗಕ್ಕೆ ಹೋಗಿ, "ಯಾವ ಕಟ್ಟಡಕ್ಕೆ? ಎಷ್ಟು ಮಹಡಿ?" ಎಂದು ಬರೆಸಿಕೊಂಡು ವಾಪಸು ಬಂತು. ಚಿಗಟಪ್ಪ, "ಕಟ್ಟಡಕ್ಕಲ್ಲ, ಮಲಗಲು" ಎಂದು ಬರೆದ. "ಸಿಬ್ಬಂದಿ ಕೆಲಸದ ವೇಳೆಯಲ್ಲಿ ಮರಳಿನ ಮೇಲೆ ಮಲಗತಕ್ಕದ್ದಲ್ಲ" ಎಂಬ ಎಚ್ಚರಿಕೆಯೊಂದಿಗೆ ಅದು ಎರಡನೇ ಸಲ ತಿರುಗಿ ಬಂತು. ಅಷ್ಟರಲ್ಲಿ ಮರಿಗಳು ಬರೀ ಗಾಜಿನ ಮೇಲೆ ಜಾರುತ್ತಿದ್ದವು. ಚಿಗಟಪ್ಪನಿಗೆ ನೋಡಲಾಗಲಿಲ್ಲ. ಹೆಂಡತಿ ಸ್ನಾನಕ್ಕೆ ಹೋಗಿದ್ದಾಗ ಕುಂಡಗಳಿಂದ ಒಂದಷ್ಟು ಮಣ್ಣು ತೋಡಿ, ಟೀ ಜರಡಿಯಲ್ಲಿ ಸೋಸಿ, ಟಿಫಿನ್ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ ಜಾಡಿಗೆ ಹಾಸಿದ. ಹಾಕುವ ಮರಳನ್ನು ಒಲೆಯಲ್ಲಿ ಕಾಯಿಸಿಯೇ ಹಾಕಬೇಕೆಂಬ ನಿಯಮವೊಂದಿತ್ತು. ಕಾಯಿಸಿದರೆ ಮಣ್ಣಿನ ತಂಪು ಹೋಗುತ್ತದೆ, ಮಕ್ಕಳಿಗೆ ಹಿತವಾಗಿರಲಿ ಎಂದು ಅದನ್ನು ಬಿಟ್ಟ.

ಮುಂದಿನ ಸೋಮವಾರ ಜಾಡಿಯ ಮುಚ್ಚಳ ತೆಗೆದು ನೋಡಿದ. ನಾನೂರು ಮರಿಗಳಲ್ಲಿ ಒಂದೂ ಮಿಸುಕುತ್ತಿಲ್ಲ. ಬೆಳ್ಳಗಿದ್ದವು ಇಟ್ಟಿಗೆಯಂತೆ ಕೆಂಪಗಾಗಿ ಸತ್ತು ಬಿದ್ದಿವೆ.

ವಿಭಾಗದ ಮುಖ್ಯಸ್ಥೆ ಮೇಡಂ ಒಂದು ವಾರ ಸಮ್ಮೇಳನಕ್ಕೆ ಹೋಗಿದ್ದರು. ಇದ್ದವನು ಸ್ಟೋರ್‌ಕೀಪರ್ ಒಬ್ಬನೇ. ಗೊತ್ತಿಲ್ಲ ಎಂಬ ಮಾತನ್ನು ಜೀವಮಾನದಲ್ಲಿ ಆಡದ ಮನುಷ್ಯ ಅವನು. ಕನ್ನಡಕ ಏರಿಸಿ ನೋಡಿ, "ಇವು ತಿಂದಿದ್ದೇನು?" ಎಂದ.

"ನನ್ನ ರಕ್ತ."

"ಬೇರೇನಾದ್ರೂ?"

"ಬೇರೇನೂ ಇಲ್ಲ."

"ಬಣ್ಣ ಎಂಥದ್ದು?"

"ಕೆಂಪು."

"ಮತ್ತೆ ನನ್ನನ್ನೇನು ಕೇಳ್ತೀರಿ?" ಎಂದು ಸ್ಟೋರ್‌ಕೀಪರ್ ಸಂತಾಪದಿಂದ ತಲೆಯಲ್ಲಾಡಿಸಿದ. "ನಿಮ್ಮ ರಕ್ತ ಕೆಟ್ಟಿದೆ ಚಿಗಟಪ್ಪನವರೇ. ವಿಷ ಆಗ್ಬಿಟ್ಟಿದೆ. ಮನೇಲಿ ಹೇಳಿದ್ದೀರಾ?"

ಚಿಗಟಪ್ಪ ಅದನ್ನು ನಂಬಿಬಿಟ್ಟ. ಡಾಕ್ಟರ ಹತ್ತಿರ ಹೋಗಬಹುದಿತ್ತು. ಆದರೆ ಡಾಕ್ಟರು ರೋಗಿಯ ಮನಸ್ಸು ನೋಯಬಾರದೆಂದು ಸುಳ್ಳು ಹೇಳಬಹುದು, ಚಿಗಟಗಳಿಗೆ ಅಂಥ ದಾಕ್ಷಿಣ್ಯವಿಲ್ಲ ಎಂದು ಅವನ ವಾದ. ಸತ್ತ ಮರಿಗಳನ್ನು ಒಂದು ಸೀಸೆಗೆ ತುಂಬಿ ಮೇಡಂ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಚೀಟಿ ಬರೆದಿಟ್ಟ: "ಇವು ನನ್ನ ರಕ್ತದಿಂದ ಸತ್ತವು. ದಯವಿಟ್ಟು ಕ್ಷಮಿಸಬೇಕು. ಇನ್ನು ನಾನೂ ಬಹಳ ದಿನ ಇರಲಾರೆ." ಆಮೇಲೆ ಮನೆಗೆ ಹೋದ.

ಸಾಯುವುದಕ್ಕೆ ಅವನಿಗೆ ಅಷ್ಟೇನೂ ಭಯವಿರಲಿಲ್ಲ. ಭಯವಿದ್ದುದು, ತಾನು ಹೋದ ಮೇಲೆ ಹೆಂಡತಿ ಒಬ್ಬಳೇ ಆ ಮನೆಯಲ್ಲಿ ಹೇಗಿರುತ್ತಾಳೆ ಎಂದು. ಹೋಗುವ ಮೊದಲು ಅವಳಿಗೆ ಯಾವುದಕ್ಕೂ ತೊಂದರೆಯಾಗದಂತೆ ಮಾಡಿಡಬೇಕು, ಅಲ್ಲಿಯವರೆಗೆ ಅವಳಿಗೆ ಗೊತ್ತಾಗಬಾರದು. ಇಷ್ಟು ನಿರ್ಧಾರ ಮಾಡಿಕೊಂಡು ಅವನು ಕೆಲಸ ಶುರುಮಾಡಿದ.

ಮಂಗಳವಾರ ನಾಲ್ಕು ವರ್ಷದಿಂದ ಸೋರುತ್ತಿದ್ದ ನಲ್ಲಿ ರಿಪೇರಿಯಾಯಿತು. ಬುಧವಾರ ಅಲ್ಲಾಡುತ್ತಿದ್ದ ಸ್ಟೂಲಿಗೆ ನಾಲ್ಕೂ ಕಾಲು ಸಮವಾದವು, ಅಡುಗೆಮನೆಯ ಡಬ್ಬಿಗಳಿಗೆಲ್ಲ ಸಂಶೋಧನಾಲಯದ ಲೇಬಲ್ಲು ಬಿತ್ತು. "ಸಕ್ಕರೆ. ಜೀವಂತವಲ್ಲ. ಬಿಸಿಲಿಗೆ ಇಡಬಾರದು." ಗುರುವಾರ ಅವನು ಹೆಂಡತಿಯನ್ನು ಸ್ಟೂಲಿನ ಮೇಲೆ ಹತ್ತಿಸಿ ಬಲ್ಬು ಬದಲಾಯಿಸುವುದನ್ನು ಕಲಿಸಿದ.

"ನಾನ್ಯಾಕೆ ಕಲೀಬೇಕು? ನೀವಿದ್ದೀರಲ್ಲ" ಎಂದಳು ಅವಳು.

"ಕಲಿತಿರು. ಎಡಕ್ಕಲ್ಲ, ಬಲಕ್ಕೆ ತಿರುಗಿಸು. ಹಾಂ, ಜಾಣೆ" ಎಂದು ಅವನು ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಅವಳಿಗೆ ಗಾಬರಿಯಾಗಿದ್ದು ಬಲ್ಬಿನಿಂದಲ್ಲ. ಊಟವಾದ ಮೇಲೆ ಅವನು, "ನೀನು ಕೂತ್ಕೋ, ಪಾತ್ರೆ ನಾನು ತೊಳೀತೀನಿ" ಎಂದನಲ್ಲ, ಆಗ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಕೇಳದ ಮಾತು. ಇದರಲ್ಲೇನೋ ಇದೆ ಎಂದು ಅವಳು ತನ್ನ ಅಣ್ಣನಿಗೆ ಹೇಳಿ ಕಳಿಸಿದಳು.

ಅಣ್ಣ ರಿಟೈರಾದ ಬಸ್ ಕಂಡಕ್ಟರ್. ಎದುರಿಗೆ ಕೂತವರೆಲ್ಲ ಟಿಕೆಟ್ಟಿಲ್ಲದೆ ಹತ್ತಿದವರೇ ಎಂಬಂತೆ ನೋಡುವ ಕಣ್ಣು, ಕೊನೆಯ ಸೀಟಿನವರೆಗೂ ತಲುಪುವ ಗಂಟಲು. ಶುಕ್ರವಾರ ಸಂಜೆ ಬಂದವನೇ ತಂಗಿಯನ್ನು ಒಳಗೆ ಕಳಿಸಿ, ಭಾವನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿದ.

"ನೋಡಿ ಭಾವ, ಸುತ್ತಿಬಳಸಿ ಮಾತಾಡೋನಲ್ಲ ನಾನು. ಎಷ್ಟು ದಿನದಿಂದ ನಡೀತಿದೆ ಇದು?"

ಚಿಗಟಪ್ಪನಿಗೆ ವಿಷಯ ಹೊರಬಿತ್ತು ಎನ್ನಿಸಿತು. "ಗೊತ್ತಾಗಿದ್ದು ಸೋಮವಾರ. ಶುರುವಾಗಿದ್ದು ಯಾವಾಗ್ಲೋ."

"ಆಫೀಸಿನಲ್ಲೇನಾ?"

"ಇನ್ನೆಲ್ಲಿ? ದಿನಾ ಬೆಳಗ್ಗೆ ಕಾಲು ಗಂಟೆ."

"ಥೂ!" ಎಂದ ಕಂಡಕ್ಟರು. ಆಮೇಲೆ ಅನುಮಾನದಿಂದ ದನಿ ತಗ್ಗಿಸಿ, "ಮಕ್ಕಳು ಗಿಕ್ಕಳು..." ಎಂದ.

ಚಿಗಟಪ್ಪ ಎಡಗೈ ಸವರಿಕೊಂಡ. "ಇದ್ದವು ಭಾವ."

"ಎಷ್ಟು?"

"ಹೆಚ್ಚು ಕಡಿಮೆ ನಾನೂರು."

ಮೂವತ್ತು ವರ್ಷ ಬಸ್ಸಿನಲ್ಲಿ ತಲೆ ಎಣಿಸಿದವನು ಮೊದಲ ಸಲ ಲೆಕ್ಕ ತಪ್ಪಿ ಬಾಯಿ ತೆರೆದುಕೊಂಡು ಕೂತ. "ಎಲ್ಲಾ ಹೋದವು" ಎಂದು ಚಿಗಟಪ್ಪ ಬಿಕ್ಕಿದ. "ನನ್ನ ಕೆಟ್ಟ ರಕ್ತದಿಂದಾನೇ ಹೋದವು. ಇನ್ನು ಮುಂದಿನ ಸರದಿ ನಂದೇ. ನಿಮ್ಮ ತಂಗೀನ ನೀವೇ ನೋಡ್ಕೋಬೇಕು."

ಬಾಗಿಲ ಮರೆಯಲ್ಲಿ ನಿಂತಿದ್ದ ಹೆಂಡತಿಗೆ ಅಣ್ಣನಿಗಿಂತ ಬೇಗ ಅರ್ಥವಾಯಿತು. ಅವಳು ಅಳಲಿಲ್ಲ. ಒಳಗೆ ಹೋಗಿ ಒಲೆ ಆರಿಸಿ ಬಂದು, ಗಂಡನ ಪಕ್ಕದಲ್ಲಿ ನೆಲದ ಮೇಲೆ ಕೂತು, ಅವನ ಎಡಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. "ಐದು ದಿನ ಹೇಳ್ದೇ ಇದ್ರಲ್ಲ" ಎಂದಳು.

ಕಂಡಕ್ಟರಿಗೆ ಸಮಾಧಾನ ಹೇಳುವುದೂ ಗೊತ್ತಿದ್ದುದು ಕೂಗಿಯೇ. "ಸಾಯೋ ಮಾತಾಡ್ಬೇಡಿ ಭಾವ! ಏನೂ ಆಗಲ್ಲ!" ಎಂದು ಅವನು ಹೇಳಿದ್ದು ಬೀದಿಯ ಎರಡೂ ಕೊನೆಗೆ ಕೇಳಿಸಿತು. ಕೇಳಿದವರೆಲ್ಲ ಏನೋ ಆಗಿದೆ ಎಂದು ಖಚಿತ ಮಾಡಿಕೊಂಡರು.

ಮೊದಲು ಬಂದವನು ಪಕ್ಕದ ಮನೆಯ ಟೈಲರು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಬಾಗಿಲಲ್ಲಿ ನಿಂತು ಬಹಳ ಹೊತ್ತು ಒದ್ದಾಡಿ, "ನಿಮ್ಮ ಪ್ಯಾಂಟಿನ ಬಟ್ಟೆ ನನ್ನ ಹತ್ರಾನೇ ಇದೆ. ಹೊಲೀಲೋ ಬೇಡ್ವೋ ಕೇಳೋಣ ಅಂತ ಬಂದೆ" ಎಂದ. ಆ ಪ್ರಶ್ನೆ ಎಂಥದ್ದೆಂದು ಅವನಿಗೆ ಹೊಳೆದದ್ದು ಕೇಳಿದ ಮೇಲೆ. ಕಣ್ಣಲ್ಲಿ ನೀರು ತುಂಬಿಕೊಂಡು, "ಹೊಲೀತೀನಿ, ಹೊಲೀತೀನಿ" ಎಂದ. "ಸೊಂಟದಲ್ಲಿ ಎರಡು ಇಂಚು ಬಟ್ಟೆ ಒಳಗೇ ಮಡಚಿ ಇಟ್ಟಿರ್ತೀನಿ. ಮುಂದಿನ ವರ್ಷ ನೀವು ದಪ್ಪ ಆದ್ರೆ ಬಿಚ್ಚಿ ಬಿಡ್ಬಹುದು."

ಚಿಗಟಪ್ಪನಿಗೆ ಇದು ಯಾವ ಔಷಧಿಗಿಂತಲೂ ಹಿತವಾಗಿ ಕೇಳಿಸಿತು.

ಶನಿವಾರ ಬೆಳಗ್ಗೆ ಬಂದದ್ದು ಸರ್ಕಾರ. ಹೆಲ್ತ್ ಇನ್ಸ್‌ಪೆಕ್ಟರು ಒಂದು ಕೈಯಲ್ಲಿ ಫಾರಂ, ಇನ್ನೊಂದರಲ್ಲಿ ಮನೆಗೆ ಸುತ್ತುವ ಹಳದಿ ಟೇಪು ಹಿಡಿದು ಬೀದಿ ಜನದ ನಡುವೆ ದಾರಿ ಮಾಡಿಕೊಂಡು ಬಂದರು.

"ಚಿಗಟದಿಂದ ಮನುಷ್ಯನಿಗೆ ಕಾಯಿಲೆ ಬಂದಿದೆ ಅಂತ ದೂರು. ರೋಗಿ ಯಾರು?"

"ನಾನೇ. ಆದ್ರೆ ಸಾರ್, ಚಿಗಟದಿಂದ ನನಗೆ ಬಂದಿದ್ದಲ್ಲ. ನನ್ನಿಂದ ಚಿಗಟಕ್ಕೆ ಬಂದಿದ್ದು" ಎಂದು ಚಿಗಟಪ್ಪ ತಿದ್ದಿದ. ಸಾಯುವಾಗಲೂ ತನ್ನ ಚಿಗಟಗಳ ಮೇಲೆ ಅಪವಾದ ಬರಲು ಅವನು ಬಿಡುವವನಲ್ಲ.

ಇನ್ಸ್‌ಪೆಕ್ಟರು ಫಾರಂ ಹಿಂದೆ ಮುಂದೆ ತಿರುಗಿಸಿದರು. "ಹಾಗೆ ಬರೋದಕ್ಕೆ ಇದರಲ್ಲಿ ಕಾಲಮ್ಮೇ ಇಲ್ವಲ್ರೀ. ನೀವು ಹೇಳೋ ಪ್ರಕಾರ ನಾನು ಸೀಲ್ ಮಾಡಬೇಕಾದ್ದು ಚಿಗಟದ ಮನೆ." ಸ್ವಲ್ಪ ಯೋಚಿಸಿ, "ಇರಲಿ. ಟೇಪು ತಂದಾಗಿದೆ. ಇದನ್ನೇ ಸೀಲ್ ಮಾಡ್ತೀನಿ. ಅಮ್ಮಾ, ನೀವು ನಿಮ್ಮ ಅಣ್ಣನ ಮನೆಗೆ ಹೊರಡಿ" ಎಂದರು.

ಹೆಂಡತಿ ಹೊಸಿಲ ಮೇಲೆ ನಿಂತಿದ್ದಳು. ಜೋರಾಗಿ ಮಾತಾಡುವ ಹೆಂಗಸಲ್ಲ, ಆಗಲೂ ಜೋರು ಮಾಡಲಿಲ್ಲ. "ಟೇಪು ಸುತ್ತಿ. ನಾನು ಒಳಗೇ ಇರ್ತೀನಿ" ಎಂದಳು.

"ಅಂಟೋ ಕಾಯಿಲೆ ಆದ್ರೆ?"

"ಅಂಟ್ಲಿ."

ಕಂಡಕ್ಟರು ಮೂಗು ಒರೆಸಿಕೊಂಡ. ಒಳಗೆ ಕುರ್ಚಿಯಲ್ಲಿ ಕೂತಿದ್ದ ಚಿಗಟಪ್ಪ, ಇಂಥವಳನ್ನು ಬಿಟ್ಟು ಹೋಗಬೇಕಲ್ಲ ಎಂದು ಮೊದಲ ಸಲ ಸಾವಿಗೆ ನಿಜವಾಗಿ ಹೆದರಿದ.

ಅಷ್ಟರಲ್ಲಿ ಮೇಡಂ ಕಾರು ಬಂತು. ಸಮ್ಮೇಳನದಿಂದ ಬಂದವರು ನೇರವಾಗಿ ಆಫೀಸಿಗೆ ಹೋಗಿ, ಮೇಜಿನ ಮೇಲಿದ್ದುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿಂದ ಓಡಿಬಂದಿದ್ದರು. ಕೊರಳಲ್ಲಿ ಸಮ್ಮೇಳನದ ಬಿಲ್ಲೆ, ಕೈಯಲ್ಲಿ ಅದೇ ಸೀಸೆ. ಮುಖ ಮಾತ್ರ ಲಾಟರಿ ಹೊಡೆದವರಂತಿತ್ತು.

"ಚಿಗಟಪ್ಪನವರೇ! ಎಲ್ಲಾ ಸತ್ತಿವೆ! ನಾನೂರರಲ್ಲಿ ಒಂದೂ ಉಳಿದಿಲ್ಲ! ಎಂಥಾ ಸಂತೋಷದ ಸುದ್ದಿ!"

ಬೀದಿಯವರೆಲ್ಲ ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಮೇಡಂ, ಮನೇಲಿ ಸಾಯೋರಿದ್ದಾರೆ, ಸ್ವಲ್ಪ ಮೆಲ್ಲಗೆ ಸಂತೋಷಪಡಿ" ಎಂದು ಟೈಲರು ಗದರಿದ.

ಮೇಡಂಗೆ ಅದು ಕೇಳಿಸಲೇ ಇಲ್ಲ. "ಜಾಡಿಗೆ ಏನು ಹಾಕಿದ್ರಿ ನೀವು? ನಿಜ ಹೇಳಿ. ಮರಳು ಎಲ್ಲಿಂದ ತಂದ್ರಿ?"

ಸಾವನ್ನು ಧೈರ್ಯವಾಗಿ ಎದುರು ನೋಡುತ್ತಿದ್ದ ಚಿಗಟಪ್ಪ ಈ ಪ್ರಶ್ನೆಗೆ ಬೆವತುಹೋದ. ಹೆಂಡತಿಯ ಕಡೆ ಒಮ್ಮೆ, ನೆಲದ ಕಡೆ ಒಮ್ಮೆ ನೋಡಿ, "ಮರಳಲ್ಲ ಮೇಡಂ. ಕುಂಡದ ಮಣ್ಣು. ಗುಲಾಬಿದು" ಎಂದು ಗೊಣಗಿದ.

"ನನ್ನ ಕುಂಡದ್ದಾ?" ಎಂದು ಹೆಂಡತಿ ಸರ್ರನೆ ತಿರುಗಿದಳು. "ಟೈಲರ ಮನೆ ಬೆಕ್ಕು ಕೆದರ್ತಿದೆ ಅಂತ ಎರಡು ವಾರದಿಂದ ಅದಕ್ಕೆ ನೀರೆರಚ್ತಾ ಇದ್ದೀನಲ್ರೀ!"

"ಅದಕ್ಕೇನಾ ಅದು ಮನೆಗೆ ನೆನ್ಕೊಂಡೇ ಬರ್ತಿದ್ದಿದ್ದು?" ಎಂದ ಟೈಲರು.

ಮೇಡಂ ಹೊಸಿಲ ಮೇಲೇ ಕೂತು ಎಲ್ಲರಿಗೂ ಬಿಡಿಸಿ ಹೇಳಿದರು. ಆ ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಗಳಿದ್ದವು. ಜಂತು ಚಿಗಟದ ಮರಿಯ ಮೈಯೊಳಗೆ ನುಸುಳುತ್ತದೆ. ಆದರೆ ಕೊಲ್ಲುವ ಶಕ್ತಿ ಅದರದ್ದಲ್ಲ. ಅದರ ಹೊಟ್ಟೆಯಲ್ಲಿ ಒಂದು ಬ್ಯಾಕ್ಟೀರಿಯಾ ಇದೆ. ಜಂತು ಅದನ್ನು ತನ್ನೊಳಗೆ ಜೋಪಾನವಾಗಿ ಹೊತ್ತುಕೊಂಡು ಹೋಗಿ ಮರಿಯೊಳಗೆ ಬಿಡುತ್ತದೆ. ಬ್ಯಾಕ್ಟೀರಿಯಾ ಮರಿಯನ್ನು ಕೊಂದು ಹದಮಾಡಿ ಕೊಡುತ್ತದೆ, ಇಬ್ಬರೂ ಕೂಡಿ ಉಣ್ಣುತ್ತಾರೆ. ಒಂದನ್ನು ಬಿಟ್ಟು ಇನ್ನೊಂದಕ್ಕೆ ಬದುಕಿಲ್ಲ.

"ಅಂದ್ರೆ ಚಿಗಟದೊಳಗೆ ಜಂತು, ಜಂತುವಿನೊಳಗೆ ಇನ್ನೊಂದು" ಎಂದು ಕಂಡಕ್ಟರು ಲೆಕ್ಕ ಹಾಕಿದ. "ಮೂರು ಜನ, ಒಂದೇ ಸೀಟು."

"ಮತ್ತೆ ಆ ಕೆಂಪು?" ಎಂದು ಹೆಂಡತಿ ಕೇಳಿದಳು. ಅವಳಿಗೆ ಬೇಕಾದದ್ದು ಅದೊಂದೇ.

"ಅದು ಆ ಬ್ಯಾಕ್ಟೀರಿಯಾದ ಬಣ್ಣ ಕಣಮ್ಮಾ. ರಕ್ತದ್ದಲ್ಲ."

"ಮನುಷ್ಯರಿಗೆ ಬರುತ್ತಾ?"

"ಬರಲ್ಲ. ನಿಮ್ಮ ಯಜಮಾನರ ರಕ್ತಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ. ರೋಗ ತರೋ ಚಿಗಟಾನ ಇಲಿ ಬಿಲದಲ್ಲೇ ಮುಗಿಸೋ ಉಪಾಯ ಹುಡುಕ್ತಾ ನಮಗೆ ವರ್ಷಗಳೇ ಹೋದವು. ಪರೀಕ್ಷೆ ಮಾಡಿ ನೋಡೋದು ಇನ್ನೂ ಬೇಕಾದಷ್ಟಿದೆ. ಆದ್ರೆ ಹುಡುಕಬೇಕಾದ್ದು ನಿಮ್ಮ ಕಿಟಕಿ ಕೆಳಗಿತ್ತು."

ಏನೇನೂ ಸಂಬಂಧವಿಲ್ಲ ಎಂಬ ಮಾತಿನಿಂದ ಚಿಗಟಪ್ಪನಿಗೆ ಒಂದು ಗಳಿಗೆ ಅವಮಾನವಾದಂತಾಯಿತು ಎಂದರೆ ನಂಬಬೇಕು. ಆಮೇಲೆ ಹೆಂಡತಿಯ ಮುಖ ನೋಡಿದ. ಅವಳು ಗೋಡೆಗೆ ಆನಿಕೊಂಡು ಹಾಗೇ ಜಾರಿ ಕೂತು, ಶುಕ್ರವಾರದಿಂದ ತಡೆದಿದ್ದ ಅಳುವನ್ನೆಲ್ಲ ಒಟ್ಟಿಗೆ ಅತ್ತಳು. ಅತ್ತು ಮುಗಿದ ಮೇಲೆ ಅದೇ ಉಸಿರಿನಲ್ಲಿ, ಮಣ್ಣು ಕದ್ದದ್ದಕ್ಕೆ ಬೈದಳು, ಹೇಳದೆ ಮುಚ್ಚಿಟ್ಟದ್ದಕ್ಕೆ ಬೈದಳು, ಸಕ್ಕರೆ ಡಬ್ಬಿಗೆ ಜೀವಂತವಲ್ಲ ಎಂದು ಬರೆದದ್ದಕ್ಕೂ ಬೈದಳು. ಬೈಸಿಕೊಳ್ಳುತ್ತ ಚಿಗಟಪ್ಪನಿಗೆ ಜೀವ ಬಂದಂತಾಯಿತು.

ಫಾರಂ ತುಂಬದೆ ಹೋಗಲಾರೆನೆಂದು ಇನ್ಸ್‌ಪೆಕ್ಟರು ಪಟ್ಟು ಹಿಡಿದದ್ದರಿಂದ ಅವನ ರಕ್ತದ ಪರೀಕ್ಷೆಯೂ ಆಯಿತು. ಕೆಟ್ಟಿರಲಿಲ್ಲ. ಸ್ವಲ್ಪ ಕಡಿಮೆಯಾಗಿತ್ತು ಅಷ್ಟೆ. ಇಪ್ಪತ್ತೆರಡು ವರ್ಷ ಕೊಟ್ಟವನ ರಕ್ತ ಇನ್ನೇನಾಗಬೇಕು? ಒಂದು ತಿಂಗಳು ಚಿಗಟಗಳಿಗೆ ಕೈಯೊಡ್ಡಬಾರದು ಎಂದರು ಡಾಕ್ಟರು.

ತಿಂಗಳು ಹೇಗೆ ಕಳೆಯುವುದು? ಮುಂದಿನ ಪರೀಕ್ಷೆಗೆಂದು ಬೇರೆ ಊರಿನಿಂದ ಹೊಸ ಚಿಗಟಗಳು ಬಂದಿದ್ದವು. ಪ್ರಯಾಣದಲ್ಲಿ ಹಸಿದು ಸೊರಗಿದ್ದವು. ಸ್ಟೋರ್‌ಕೀಪರ್ ಮತ್ತೆ ನೋವಿನೆಣ್ಣೆ ಹಚ್ಚಲು ಶುರುಮಾಡಿದ್ದ. ಮೇಡಂ ಒಬ್ಬರ ಕೈ ಎಷ್ಟಕ್ಕೆ ಸಾಕಾದೀತು? ಚಿಗಟಪ್ಪ ಬೆಳಗ್ಗೆ ಎದ್ದು ಅಂಗಿಯ ತೋಳು ಮಡಚುವುದು, ನೆನಪಾಗಿ ಇಳಿಸುವುದು, ಕಿಟಕಿಯ ಹತ್ತಿರ ನಿಲ್ಲುವುದು, ನಿಟ್ಟುಸಿರು ಬಿಡುವುದು. ಮೂರು ದಿನ ಇದನ್ನು ನೋಡಿದ ಹೆಂಡತಿ ನಾಲ್ಕನೇ ದಿನ ಚಪ್ಪಲಿ ಮೆಟ್ಟಿಕೊಂಡು, "ನಡೀರಿ" ಎಂದಳು.

"ಎಲ್ಲಿಗೆ?"

"ನಿಮ್ಮ ಆಫೀಸಿಗೆ. ನನ್ನ ಮೈಯಲ್ಲೂ ರಕ್ತಾನೇ ಇರೋದು."

ಅವನು ಬೇಡವೆಂದ, ಮೇಡಂ ಬೇಡವೆಂದರು. ಅವಳು ಕೇಳಲಿಲ್ಲ. ಗಂಡ ದಿನಾ ಕೂರುತ್ತಿದ್ದ ಕುರ್ಚಿಯಲ್ಲೇ ಕೂತು ಎಡಗೈ ಚಾಚಿದಳು. ಚಿಗಟಪ್ಪ ಡಬ್ಬಿಗಳನ್ನು ಬಿಗಿದ. ಅವು ಕುಡಿಯುವುದಿಲ್ಲ, ಅವಳ ಮನಸ್ಸು ನೋಯುತ್ತದೆ ಎಂದು ಅವನಿಗೆ ಒಳಗೊಳಗೇ ಅಳುಕು. ಡಬ್ಬಿ ಚರ್ಮಕ್ಕೆ ತಾಗಿದ್ದೇ ತಡ, ಒಂದೂ ಬಿಡದೆ ಎಲ್ಲ ಚಿಗಟಗಳೂ ಮೂತಿ ಊರಿ ಕುಡಿಯತೊಡಗಿದವು. ಚಿಗಟಪ್ಪನ ಇಪ್ಪತ್ತೆರಡು ವರ್ಷದ ಜಂಬ ಅವನ ಕಣ್ಣೆದುರಿಗೇ ಮಣ್ಣುಪಾಲಾಯಿತು.

ಐದು ನಿಮಿಷದಲ್ಲಿ ಅವಳ ಹುಬ್ಬು ಗಂಟಿಕ್ಕಿತು, ತುಟಿ ಬಿಗಿಯಿತು.

"ರೀ, ಇದು ಉರಿಯುತ್ತಲ್ರೀ."

"ಸ್ವಲ್ಪ."

"ಸ್ವಲ್ಪ ಅಲ್ಲ." ಅವಳು ತಲೆಯೆತ್ತಿ ಅವನನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. "ದಿನಾ ಇಷ್ಟು ಉರೀತಿತ್ತಾ? ಇಪ್ಪತ್ತೆರಡು ವರ್ಷ? ಒಂದು ದಿನಾನಾದ್ರೂ ಮನೆಗೆ ಬಂದು ಉರೀತಿದೆ ಅಂತ ಅನ್ನಬಾರದಿತ್ತಾ?"

"ಅಂದಿದ್ರೆ ನೀನು ಬಿಟ್ಬಿಡಿ ಅಂತಿದ್ದೆ" ಎಂದ ಚಿಗಟಪ್ಪ.

"ಅಂತಿದ್ದೆ."

"ಅದಕ್ಕೇ ಅನ್ನಲಿಲ್ಲ. ಸಾಕು, ಬಿಚ್ತೀನಿ ಬಿಡು" ಎಂದು ಅವನು ಬೆಲ್ಟಿಗೆ ಕೈ ಹಾಕಿದ.

ಅವಳು ಅವನ ಕೈಯನ್ನು ಸರಿಸಿದಳು. "ಇರ್ಲಿ ಬಿಡಿ. ಇನ್ನೂ ಹತ್ತು ನಿಮಿಷ ಇದೆ. ಪಾಪ, ಹಸಿದಿವೆ."

ಅವನು ಇನ್ನೊಂದು ಕುರ್ಚಿ ಎಳೆದುಕೊಂಡ. ಅವಳ ಬಲಗೈ ಖಾಲಿ ಇತ್ತು. ಹತ್ತು ನಿಮಿಷವೂ ಅದನ್ನು ಹಿಡಿದುಕೊಂಡು ಕೂತ.